ಎಡಕ್ಕೆ ವಾಲಿದ ಗಾಳಿಪಟ

ಆಷಾಢ ನಮ್ಮ ಕಸುಬಿನವರಿಗೆ ಬಿಡುವಿನ ತಿಂಗಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಆದ್ದರಿಂದ ರವಿಕೆಯೂ ಇಲ್ಲ. ರಾಮನಗರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಕಳೆದ ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ ಮಿಷನ್ನಿಗೆ ಎಣ್ಣೆ ಬಿಟ್ಟು, ಹಳೇ ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕುತ್ತ ಕೂತಿದ್ದೆ. ಆಗ ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಬೆನ್ನಿಗೆ ದೊಡ್ಡದೊಂದು ಚೀಲ ಹೊತ್ತುಕೊಂಡು ಮೆಟ್ಟಿಲಿಳಿದು ಬಂದರು.

ಅವರಿಗೆ ಐವತ್ತು ವರ್ಷವಿರಬಹುದು. ಒಂಟಿ ಹೆಂಗಸು. ಮಾತು ಕಡಿಮೆ, ನಡಿಗೆ ಜೋರು. ಬಂದವರೇ ಚೀಲವನ್ನು ನನ್ನ ಕಟಿಂಗ್ ಟೇಬಲ್ ಮೇಲಿಟ್ಟು, "ಯಾವ ಬಟ್ಟೆ ಬೇಕಾದ್ರೂ ಹೊಲೀತೀನಿ ಅಂದಿದ್ರಲ್ಲ, ಇದನ್ನ ನೋಡಿ" ಅಂದರು.

ಹಾಗೆ ಅಂದಿದ್ದೇನೋ ನಿಜ. ಆದರೆ ಅವರ ಕುರ್ಚಿಯ ಮೇಲೆ, ಇಂಜೆಕ್ಷನ್ನಿನಿಂದ ಅರ್ಧ ಬಾಯಿ ಮರಗಟ್ಟಿದ್ದಾಗ ಅಂದದ್ದು. ಅರ್ಧ ಬಾಯಿಯ ಮಾತನ್ನು ಯಾರಾದರೂ ಪೂರ್ತಿ ನಂಬುತ್ತಾರೆಯೇ? ಡಾಕ್ಟರು ನಂಬಿದ್ದರು.

ಚೀಲದಿಂದ ಕಿತ್ತಳೆ ಬಣ್ಣದ ಬಟ್ಟೆ ಬಂತು, ಬರುತ್ತಲೇ ಇತ್ತು. ಟೇಬಲ್ ಮುಚ್ಚಿತು, ಮಿಷನ್ ಮುಚ್ಚಿತು, ಗಿರಾಕಿಗಳು ಕೂರುವ ಬೆಂಚನ್ನೂ ಮುಚ್ಚಿ ಬಾಗಿಲಿನಿಂದ ಹೊರಗೆ ಇಳಿಯಿತು. ಯಾರ ಮನೆಯ ಶಾಮಿಯಾನ ಅಂತ ಕೇಳಿದೆ.

"ಗಾಳಿಪಟ" ಅಂದರು.

ಅವರು ವರ್ಷಕ್ಕೊಮ್ಮೆ 'ಡಾಕ್ಟರು ಊರಲ್ಲಿಲ್ಲ' ಎಂದು ಬೋರ್ಡು ತಗುಲಿಹಾಕಿ ಹತ್ತು ದಿನ ಎಲ್ಲಿಗೋ ಹೋಗಿ, ಬಿಸಿಲಿಗೆ ಕಪ್ಪಾಗಿ ಬರುತ್ತಿದ್ದರು. ರಾಮೇಶ್ವರಕ್ಕೆ ಹರಕೆ ಇರಬೇಕೆಂದು ನಮ್ಮ ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೆವು. ಹೋಗುತ್ತಿದ್ದದ್ದು ರಾಮೇಶ್ವರದ ಕಡೆಗೇ, ಆದರೆ ದೇವಸ್ಥಾನಕ್ಕಲ್ಲ. ಕಾಲಿಗೆ ಹಲಗೆ ಕಟ್ಟಿಕೊಂಡು, ಸೊಂಟಕ್ಕೆ ಇಂಥ ಪಟ ಸಿಕ್ಕಿಸಿಕೊಂಡು, ಅದು ಎಳೆದ ಹಾಗೆ ಸಮುದ್ರದ ನೀರಿನ ಮೇಲೆ ಜಾರುವ ಆಟ. ಇದನ್ನು ಅವರು ಹಲ್ಲುಜ್ಜುವ ಕ್ರಮ ಹೇಳಿಕೊಡುವ ದನಿಯಲ್ಲೇ ನನಗೆ ವಿವರಿಸಿದರು. ಹೋದ ಸಲ ದಡದ ಮುಳ್ಳುಪೊದೆಗೆ ಸಿಕ್ಕಿ ಪಟ ಒಂದು ಮೊಳದಷ್ಟು ಹರಿದಿತ್ತು. ತೇಪೆಗೆಂದು ಅದೇ ಜಾತಿಯ ಒಂದು ತುಂಡು ಬಟ್ಟೆಯನ್ನೂ ತಂದಿದ್ದರು. ಇದ್ದದ್ದು ಅದೊಂದೇ ತುಂಡು.

ಇನ್ನು ನನ್ನ ತಪ್ಪಿನ ವಿಷಯ ಹೇಳಿಬಿಡಬೇಕು.

ಬಟ್ಟೆಯನ್ನು ನೂಲಿನ ನೇರಕ್ಕೆ ಕತ್ತರಿಸಿದರೆ ಎಳೆದರೂ ಜಗ್ಗುವುದಿಲ್ಲ. ಓರೆಯಾಗಿ ಕತ್ತರಿಸಿದರೆ ರಬ್ಬರಿನ ಹಾಗೆ ಜಗ್ಗುತ್ತದೆ. ನನ್ನಲ್ಲಿ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಇಪ್ಪತ್ತೆರಡು ವರ್ಷದಿಂದ ಹೇಳಿಕೊಡುತ್ತಿರುವವಳು, ಅತ್ತಿಗೆಯ ಜೊತೆ ಫೋನಿನಲ್ಲಿ ಮಾತಾಡುತ್ತ ಮಾತಾಡುತ್ತ, ಬಟ್ಟೆ ಸಾಲದೆ ಹೋದೀತೆಂದು ಒಸಿ ತಿರುಗಿಸಿಟ್ಟು ಕತ್ತರಿ ಆಡಿಸಿಬಿಟ್ಟೆ. ಫೋನ್ ಇಟ್ಟು ನೋಡಿದರೆ ಪೂರಾ ಓರೆ. ಬೇರೆ ತುಂಡಿಲ್ಲ. ಹಾಗಂತ ಡಾಕ್ಟರಿಗೆ ಹೇಳಬಹುದಿತ್ತು. ಅದರ ಬದಲು ಆ ಓರೆ ತುಂಡನ್ನೇ ಇಟ್ಟು, ನನ್ನ ಜೀವಮಾನದಲ್ಲೇ ಹಾಕದಂಥ ಸಣ್ಣ ಜಿಗ್‌ಜಾಗ್ ಹೊಲಿಗೆ ಹಾಕಿ, ಅಂಚು ಮಡಿಸಿ, ಬೆರಳಲ್ಲಿ ನೀವಿ ನೀವಿ ಕೂರಿಸಿದೆ.

ಡಾಕ್ಟರು ಸಂಜೆ ಬಂದು ಕನ್ನಡಕ ಏರಿಸಿಕೊಂಡು ನೋಡಿದರು. "ಹೊಲಿಗೆ ಎಷ್ಟು ಚೆನ್ನಾಗಿದೆ!" ಅಂದರು.

"ಅದೇನ್ ಮಹಾ ಬಿಡಿ" ಅಂದೆ. ಅವರು ಹೊಗಳಿದ್ದು ಹೊಲಿಗೆಯನ್ನು. ಬಟ್ಟೆಯ ಸುದ್ದಿ ಅವರಾಗಿ ಎತ್ತದಿದ್ದ ಮೇಲೆ ನಾನೇಕೆ ಎತ್ತಲಿ?

ಸಮಸ್ಯೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರ ಹತ್ತಿರ ಅಂಥ ಪಟಗಳು ಮೂರಿದ್ದವು. ರೈಲಿನಲ್ಲಿ ಹೊತ್ತುಕೊಂಡು ಹೋಗಲು ಆಗುವುದು ಒಂದನ್ನೇ. ಸಮುದ್ರದ ಗಾಳಿ ಸಾಮಾನ್ಯವಾಗಿ ಒಂದೇ ಸಮ ಬೀಸುತ್ತದಂತೆ. ಆದರೆ ಈ ಸಲ ಹೋಗುವ ಜಾಗದಲ್ಲಿ ಮರಳುದಿಬ್ಬಗಳಿದ್ದು, ಗಾಳಿ ತಡೆತಡೆದು ಹೊಡೆಯುತ್ತದಂತೆ. ಅಂಥ ಹೊಡೆತದ ಗಾಳಿಗೆ ಮೂರರಲ್ಲಿ ಯಾವುದು ಹೇಳಿದ ಮಾತು ಕೇಳುತ್ತದೆ ಎಂದು ಮೊದಲೇ ಇಲ್ಲೆಲ್ಲಾದರೂ ಹಾರಿಸಿ ನೋಡಬೇಕು ಎಂದರು.

ಅಂಥ ಗಾಳಿ ಬೇಕೆಂದರೆ ನನ್ನ ತವರಿಗಿಂತ ಒಳ್ಳೆಯ ಜಾಗವಿಲ್ಲ. ಮಾಗಡಿ ರಸ್ತೆಯಲ್ಲಿ ನಮ್ಮೂರು. ಸಾವನದುರ್ಗಕ್ಕೆ ಬಡಿದು ಸೀಳಿದ ಆಷಾಢದ ಗಾಳಿ ನಮ್ಮ ಕೆರೆಯ ಅಂಗಳಕ್ಕೆ ಬರುವುದು ಜನ ಬಸ್ಸಿಗೆ ನುಗ್ಗಿದ ಹಾಗೆ: ಒಂದು ನೂಕು, ಒಂದು ಬಿಡುವು, ಮತ್ತೊಂದು ನೂಕು. ಆ ಕಾಲದಲ್ಲಿ ಏರಿಯ ಬುಡದಲ್ಲಷ್ಟೇ ನೀರು. ಉಳಿದದ್ದೆಲ್ಲ ಗಟ್ಟಿ ನೆಲ. ಹೇಳಬಾರದಿತ್ತು, ಹೇಳಿಬಿಟ್ಟೆ.

ಭಾನುವಾರ ಡಾಕ್ಟರ ಕಾರಿನಲ್ಲಿ ಹೋದೆವು. ಅಣ್ಣ ಕೆರೆಯಂಗಳಕ್ಕೆ ಮೊದಲೇ ಬಂದು ಕಾಯುತ್ತಿದ್ದ. ರೇಷ್ಮೆ ಸಾಕುವವನಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಎರಡು ನಿಮಿಷ ಕೂತು ಮಾತಾಡು ಅಂದರೆ ಹುಳಕ್ಕೆ ಸೊಪ್ಪು ಹಾಕಬೇಕು ಎಂದು ಎದ್ದು ಹೋಗುವ ಮನುಷ್ಯ.

"ಏನಣ್ಣ, ಹುಳ ಬುಟ್ಟು ಬಂದ್ಬುಟ್ಟೆ?" ಅಂದೆ.

"ನಾಲ್ಕನೇ ಜ್ವರಕ್ಕೆ ಕೂತವೆ ಕಣಮ್ಮಿ. ಪೊರೆ ಬುಡೋಗಂಟ ಮೇವು ಮುಟ್ಟಲ್ಲ. ಇವತ್ತು ನಾನು ಫ್ರೀ" ಅಂದ. ಪಂಪು ಒತ್ತಿ ಪಟದ ಮುಂದಿನ ಅಂಚಿನ ಕೊಳವೆಗೆ ಗಾಳಿ ತುಂಬುತ್ತಿದ್ದ ಡಾಕ್ಟರನ್ನು ಸುತ್ತುಹಾಕಿ ನೋಡಿದ. "ಇದು ಪಂಕ್ಚರ್ ಆದ್ರೆ ಏನ್ ಮಾಡ್ತೀರಿ ಡಾಕ್ಟ್ರಮ್ಮಾ?"

"ಸೈಕಲ್ ಟ್ಯೂಬಿಗೆ ಹಾಕೋ ಹಾಗೇ ತೇಪೆ ಹಾಕೋದು."

"ಅಂಗಾದ್ರೆ ಸರಿ, ಇದು ನಮ್ ಪೈಕೀನೇ."

ಮೂರಕ್ಕೂ ಗಾಳಿ ತುಂಬಿ, ದಾರ ಬಿಡಿಸಿ, ಒಂದೊಂದನ್ನೂ ಮಣ್ಣಿನ ಹೆಂಟೆಗಳ ಕೆಳಗೆ ಒತ್ತಿಟ್ಟೆವು. ಮೂರಕ್ಕೆ ಅನ್ನುವುದು ಪೂರ್ತಿ ಸರಿಯಲ್ಲ, ಹಸಿರು ಪಟಕ್ಕೆ ಕೊಳವೆಯೇ ಇರಲಿಲ್ಲ, ಅದರ ಸುದ್ದಿ ಆಮೇಲೆ. ಕಿತ್ತಳೆಗೆ ಗಾಳಿ ತುಂಬಿದಾಗ ಡಾಕ್ಟರು ಒಂದು ಸಲ ಅದರ ಬಟ್ಟೆಯ ಮೇಲೆ ಕೈಯಾಡಿಸಿ ನೋಡಿದರು. ನಾನು ಸಾವನದುರ್ಗದ ಕಡೆ ತಿರುಗಿ, ಬೆಟ್ಟವನ್ನು ಅವತ್ತೇ ಮೊದಲು ಕಂಡವಳ ಹಾಗೆ ನೋಡುತ್ತ ನಿಂತೆ.

ಮೊದಲು ನೀಲಿ. ಅರ್ಧಕ್ಕೆ ಮುರಿದ ಬಳೆಯ ಹಾಗೆ ಆಳವಾಗಿ ಬಾಗಿದ ಪಟ. ಡಾಕ್ಟರು ತಲೆಗೆ ಹೆಲ್ಮೆಟ್, ಸೊಂಟಕ್ಕೆ ದಪ್ಪ ಪಟ್ಟಿ ಕಟ್ಟಿಕೊಂಡು ಎರಡು ಕೈಯಲ್ಲಿ ಅಡ್ಡಕೋಲು ಹಿಡಿದು ನಿಂತರು. ಕೋಲನ್ನು ಎದೆಯ ಕಡೆ ಎಳೆದುಕೊಂಡರೆ ಪಟ ಗಾಳಿಯನ್ನು ಹಿಡಿಯುತ್ತದೆ, ಮುಂದಕ್ಕೆ ಬಿಟ್ಟರೆ ಗಾಳಿಯನ್ನು ಚೆಲ್ಲುತ್ತದೆ. ಕೈಮೀರಿದರೆ ಒತ್ತಲು ಒಂದು ಕೆಂಪು ಹಿಡಿ ಇದೆ, ಒತ್ತಿದೊಡನೆ ಪಟ ಸತ್ತು ಬೀಳುತ್ತದೆ. ಇಷ್ಟು ಪಾಠ ನಮಗೆ ಆಗಿತ್ತು.

ಅಣ್ಣ ಎತ್ತಿ ಹಿಡಿದು ಬಿಟ್ಟ. ನೀಲಿ ಪಟ ಬಿಲ್ಲಿನಿಂದ ಬಿಟ್ಟ ಹಾಗೆ ಮೇಲಕ್ಕೆ ಹೋಯಿತು. ಕೋಲನ್ನು ಎಡಕ್ಕೆ ತಿರುಗಿಸಿದರೆ ಆ ಕ್ಷಣವೇ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಒಂದು ನೂಕು ಬಂತು. ಡಾಕ್ಟರು ಕೋಲನ್ನು ಮುಂದಕ್ಕೆ ಬಿಟ್ಟರು. ಪಟ ಕ್ಯಾರೇ ಅನ್ನಲಿಲ್ಲ. ಗಾಳಿ ಕೊಟ್ಟಿದ್ದನ್ನೆಲ್ಲ ಒಂದಿಷ್ಟೂ ಉಳಿಸಿಕೊಳ್ಳದೆ ತಂದು ಅವರ ಸೊಂಟಕ್ಕೆ ಒಪ್ಪಿಸಿತು. ಡಾಕ್ಟರು ಹಿಮ್ಮಡಿ ಊರಿಕೊಂಡೇ ಜಾರತೊಡಗಿದರು. ಅಣ್ಣ ಓಡಿಬಂದು ಅವರ ಸೊಂಟಪಟ್ಟಿಯ ಹಿಂದಿನ ಹಿಡಿಕೆ ಹಿಡಿದ, ಅವನೂ ಜಾರಿದ. ನಾನು ಅಣ್ಣನ ಅಂಗಿ ಹಿಡಿದೆ. ಮೂವರೂ ರೈಲಿನ ಹಾಗೆ ಹತ್ತು ಮಾರು ಹೋದ ಮೇಲೆ ಡಾಕ್ಟರು ಕೆಂಪು ಹಿಡಿ ಒತ್ತಿದರು. ಅಂಗಿ ಹರಿಯಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಅದು ನಾನು ಹೊಲಿದದ್ದು.

ಡಾಕ್ಟರ ಮುಖದಲ್ಲಿ ನಾನು ಅಂಥ ನಗು ಎಂದೂ ಕಂಡಿರಲಿಲ್ಲ. ಫೋನ್ ತೆಗೆದು, ರೋಗಿಯ ವಿವರ ಹೇಳುವ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡರು: "ನೀಲಿ. ತಿರುಗಿಸಿದ ಹಾಗೆ ತಿರುಗುತ್ತೆ. ಹೊಡೆತ ಬಂದಾಗ ಶಕ್ತಿ ಇಳಿಸೋಕೆ ಆಗಲ್ಲ. ಎಳೆತ ಪೂರ್ತಿ."

"ಬೀಗ್ರ ಮನೆಗೆ ಊಟಕ್ಕೆ ಕರ್ಕೊಂಡ್ ಹೋದಂಗ್ ಎಳೀತದೆ, ಅಂತಾನೂ ಹೇಳಿ" ಎಂದ ಅಣ್ಣ, ಮಂಡಿಯ ಮಣ್ಣು ಕೊಡವುತ್ತ.

ಎರಡನೆಯದು ಹಸಿರು. ದಿಂಬಿನ ಕವರುಗಳನ್ನು ಸಾಲಾಗಿ ಪಕ್ಕಪಕ್ಕದಲ್ಲಿ ಹೊಲಿದ ಹಾಗಿದೆ. ಗಾಳಿ ಬಾಯಿಯಿಂದ ಒಳಗೆ ಹೋಗಿ ತಾನೇ ಉಬ್ಬಿಸುತ್ತದೆ. ಗಾಳಿ ಮೆತ್ತಗಿದ್ದಾಗ ಅದು ಆಕಾಶದಲ್ಲಿ ಸದ್ದಿಲ್ಲದೆ ತೂಗುವುದನ್ನು ನೋಡಿ, ಇದೇ ಸರಿ, ಕಿತ್ತಳೆಯನ್ನು ತೆಗೆಯುವ ಅಗತ್ಯವೇ ಬೀಳಲಿಕ್ಕಿಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಾಯಿಬಿಟ್ಟು ಹೊಗಳಿದೆ. "ಇದೇ ಇರ್ಲಿ ಡಾಕ್ಟ್ರೇ, ಎಷ್ಟು ಮರ್ಯಾದೆಯಾಗಿ ಹಾರ್ತೈತೆ!"

ಮಾತು ಮುಗಿಯುವ ಮೊದಲೇ ನೂಕು ಬಂತು. ಹಸಿರು ಪಟ ಮುನ್ನುಗ್ಗಿ ನೇರ ನಮ್ಮ ತಲೆಯ ಮೇಲಕ್ಕೆ ಬಂತು. ತಕ್ಷಣ ಗಾಳಿ ನಿಂತಿತು. ಪಟದ ಮೂತಿ ಮಡಚಿಕೊಂಡಿತು. ತಂತಿಯಿಂದ ಕಳಚಿದ ಒದ್ದೆ ದುಪ್ಪಟಿಯ ಹಾಗೆ ಮುದ್ದೆಯಾಗಿ ಇಳಿಯುತ್ತಿದ್ದದ್ದು, ಮುಂದಿನ ನೂಕಿಗೆ ಪಟಾರೆಂದು ಬಿಚ್ಚಿಕೊಂಡು ಡಾಕ್ಟರನ್ನು ನಿಂತ ಜಾಗದಿಂದ ಎತ್ತಿ ನಾಲ್ಕು ಹೆಜ್ಜೆ ಆಚೆಗೆ ಇಟ್ಟಿತು. ಆ ಸದ್ದಿಗೆ ದೂರದಲ್ಲಿ ಮೇಯುತ್ತಿದ್ದ ಅಣ್ಣನ ಹಸು ಗೂಟ ಕಿತ್ತುಕೊಂಡು ಊರಿನ ಕಡೆ ಓಡಿತು. ಅಣ್ಣ ಹಸುವಿನ ಹಿಂದೆ ಓಡಿದ.

"ಹಸಿರು" ಎಂದು ಡಾಕ್ಟರು ಉಸಿರೆಳೆದುಕೊಳ್ಳುತ್ತ ಫೋನಿಗೆ ಹೇಳಿದರು. "ಸಮಗಾಳಿಗೆ ಬಹಳ ಚೆನ್ನ. ಬಿಡುವಿನಲ್ಲಿ ಮಡಚಿಕೊಳ್ಳುತ್ತೆ. ಬಿಚ್ಚಿಕೊಳ್ಳುವಾಗ ಒದೆಯುತ್ತೆ."

ಅಣ್ಣ ಹಸುವನ್ನು ಕೊಟ್ಟಿಗೆಗೆ ಸೇರಿಸಿ, ಅತ್ತಿಗೆ ಕಟ್ಟಿಕೊಟ್ಟ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಿಡಿದು ವಾಪಸ್ಸು ಬಂದ. ಏರಿಯ ಮೇಲೆ ಕೂತು ತಿಂದೆವು. ಗಾಳಿ ಜಾಸ್ತಿಯಾಯಿತು, ಸಾಕು, ಮನೆಗೆ ಹೋಗೋಣ ಎಂದು ನಾನು ಎರಡು ಸಲ ಹೇಳಿದೆ. ಇಬ್ಬರಿಗೂ ಕೇಳಿಸಲಿಲ್ಲ.

ಕಿತ್ತಳೆ ಮೇಲಕ್ಕೆ ಹೋಯಿತು. ನೀಲಿಗಿಂತ ಚಪ್ಪಟೆ, ಮುಂದಿನ ಅಂಚಿಗೆ ಕವಲು ಕವಲಾಗಿ ದಾರಗಳು. ನಮ್ಮ ಮೂವರನ್ನೂ ಎಳೆದೊಯ್ದದ್ದಕ್ಕಿಂತ ಜೋರಾದ ನೂಕು ಬಂತು. ಡಾಕ್ಟರು ಮಂಡಿ ಬಗ್ಗಿಸಿ ಕೋಲನ್ನು ಮುಂದಕ್ಕೆ ಬಿಟ್ಟರು. ಫ್ಯಾನಿನ ಸ್ವಿಚ್ ಆರಿಸಿದ ಹಾಗೆ ಎಳೆತ ಇಳಿದುಹೋಯಿತು. ನೂಕು ಕಳೆಯಿತು, ಕೋಲು ಹತ್ತಿರಕ್ಕೆ ಬಂತು, ಪಟ ಮತ್ತೆ ಗಾಳಿ ಹಿಡಿಯಿತು. ಡಾಕ್ಟರ ಕಾಲು ಕದಲಲಿಲ್ಲ.

"ಅಷ್ಟೇನಾ?" ಅಂದ ಅಣ್ಣ. ಅವನಿಗೆ ನಿರಾಸೆಯಾಗಿತ್ತು.

ಅಷ್ಟೇ ಆಗಿದ್ದರೆ ನಾನು ಬದುಕುತ್ತಿದ್ದೆ. ಆದರೆ ಕಿತ್ತಳೆ ಪಟ ಎಡಕ್ಕೆ ವಾಲುತ್ತಿತ್ತು. ಡಾಕ್ಟರು ನೇರ ಮಾಡಿದರು, ವಾಲಿತು. ಮತ್ತೆ ನೇರ ಮಾಡಿದರು, ಮತ್ತೆ ವಾಲಿತು.

"ಗಾಳಿ ಬಲಗಡೆಯಿಂದ ಜಾಸ್ತಿ ಇದೆ ಅನ್ಸುತ್ತೆ" ಅಂದರು.

"ನಮ್ಮೂರ ಗಾಳಿ ಅಂಗೆಲ್ಲ ಪಕ್ಷಪಾತ ಮಾಡಲ್ಲ ಡಾಕ್ಟ್ರಮ್ಮಾ" ಅಂದ ಅಣ್ಣ.

"ಬೆಟ್ಟದ ಕಾರಣಕ್ಕಿರಬಹುದು."

"ಬೆಟ್ಟ ಬೆಳಿಗ್ಗೆನೂ ಅಲ್ಲೇ ಇತ್ತಲ್ಲ? ಆಗ ನೀಲಿ ನೆಟ್ಟಗೇ ಹಾರ್ತು."

ಡಾಕ್ಟರು ಪಟ ಇಳಿಸಿ, ದಾರಗಳ ತುದಿಯನ್ನೆಲ್ಲ ಒಂದು ಗೂಟಕ್ಕೆ ಕಟ್ಟಿ ಎಳೆದು ಅಳೆದರು. ಎಲ್ಲ ಸಮ. ಆಮೇಲೆ ನನ್ನ ಕಡೆ ತಿರುಗಿದರು. "ನೀವೊಂದ್ಸಲ ಹಿಡೀರಿ. ನಿಮ್ಮ ಕೈ ಹಗುರ. ಏನಾಗ್ತಿದೆ ಅಂತ ನಿಮಗೆ ಗೊತ್ತಾಗುತ್ತೆ."

ಚೂಡಿದಾರದ ಮೇಲೆ ಸೊಂಟಪಟ್ಟಿ ಕಟ್ಟಿದರು, ಹೆಲ್ಮೆಟ್ ತೊಡಿಸಿದರು. ಡಾಕ್ಟರು ಬೆನ್ನ ಹಿಂದೆ ನನ್ನ ಪಟ್ಟಿ ಹಿಡಿದು ನಿಂತರು. ಪಟ ಏರಿತು. ನಲವತ್ತಾರು ವರ್ಷದಲ್ಲಿ ಅಷ್ಟು ದೊಡ್ಡದೊಂದು ನನ್ನ ಕೈಯ ಮಾತು ಕೇಳಿದ್ದು ಅದೇ ಮೊದಲು. ಬೆರಳು ಅಲುಗಿದರೆ ಆಕಾಶದಲ್ಲಿ ಅಷ್ಟಗಲದ ಬಟ್ಟೆ ಹೊರಳುತ್ತಿತ್ತು. ಹೆದರಿಕೆ ಎರಡು ನಿಮಿಷವೂ ಇರಲಿಲ್ಲ. ನೂಕು ಬಂದಾಗ ಕೋಲು ಬಿಡುವುದು, ಕಳೆದಾಗ ಎಳೆದುಕೊಳ್ಳುವುದು. ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟವರಿಗೆ ಅದು ಕಷ್ಟವಲ್ಲ.

ಆದರೆ ಎಡಗೈಯನ್ನು ಯಾರೋ ಮೆಲ್ಲಗೆ ಜಗ್ಗುತ್ತಲೇ ಇದ್ದರು. ತಲೆಯೆತ್ತಿ ನೋಡಿದೆ. ಪಟದ ಎಡರೆಕ್ಕೆಯಲ್ಲಿ ನನ್ನ ತೇಪೆ ಗಾಳಿಗೆ ಜಗ್ಗಿ, ಹಲ್ಲುನೋವಿನ ಕೆನ್ನೆಯ ಹಾಗೆ ಊದಿಕೊಂಡಿತ್ತು. ಹೊಲಿಗೆ ಮಾತ್ರ ಒಂದು ಎಳೆಯೂ ಬಿಟ್ಟಿರಲಿಲ್ಲ.

"ಡಾಕ್ಟ್ರೇ" ಎಂದೆ, ಹಿಂದೆ ತಿರುಗದೆ. "ತಪ್ಪು ಗಾಳೀದಲ್ಲ. ನಂದು. ತೇಪೆಯ ಬಟ್ಟೆ ಓರೆಯಾಗಿ ಕತ್ತರಿಸ್ಬುಟ್ಟಿದ್ದೆ."

"ಗೊತ್ತು."

"ಯಾವಾಗಿಂದ?"

"ಬೆಳಿಗ್ಗೆ ಗಾಳಿ ತುಂಬಿದಾಗ. ಕೈಗೇ ಗೊತ್ತಾಯ್ತು, ಬಟ್ಟೆ ಸಡಿಲ ಅಂತ."

"ಮತ್ತೆ ಗಾಳಿ ಅಂದ್ರಿ, ಬೆಟ್ಟ ಅಂದ್ರಿ!"

"ಹೊಲಿಗೆ ಚೆನ್ನಾಗಿದೆ ಅಂದಾಗ ನೀವು ಎಷ್ಟು ಖುಷಿಪಟ್ರಿ. ನಾನು ಹೇಗೆ ಹೇಳ್ಲಿ? ನೀವೇ ಕೈಯಾರೆ ನೋಡಿದ್ರೆ ಹೇಳ್ತೀರ ಅಂತ ಹಿಡಿಯೋಕೆ ಕೊಟ್ಟೆ."

ನಾಚಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ಬೈದಿದ್ದರೆ ವಾಸಿಯಿತ್ತು. ಪಟ ಇಳಿಸಿದೆವು. ಹೆಲ್ಮೆಟ್ ಬಿಚ್ಚುತ್ತ, ಯೋಚನೆ ಮಾಡುವ ಮೊದಲೇ ನನ್ನ ಬಾಯಿಂದ ಮಾತು ಬಂದಿತ್ತು. "ಅಂಗಾದ್ರೆ ನಾನೂ ಒಂದು ಹೇಳ್ತೀನಿ. ಯುಗಾದಿ ಮುಂಚೆ ನನ್ನ ಹಲ್ಲಿಗೆ ಕ್ಯಾಪ್ ಹಾಕಿದ್ರಲ್ಲ, ಅದು ಎತ್ತರ ಆಗೈತೆ. ಅವತ್ತಿಂದ ಬಲಗಡೆ ಅಗಿಯೋಕೇ ಆಗಿಲ್ಲ."

ಡಾಕ್ಟರ ಮುಖ ಬಿಳಿಚಿತು. "ಕಚ್ಚಿ ನೋಡಿ, ಸರಿಯಿದೆಯಾ ಅಂತ ಮೂರು ಸಲ ಕೇಳಿದ್ನಲ್ಲ!"

"ಮಧ್ಯಾಹ್ನ ಮೂರು ಗಂಟೆಯಾದ್ರೂ ಊಟ ಮಾಡ್ದೆ ಕೂತಿದ್ರಿ. ಪಾಪ ಅನ್ನಿಸ್ತು. ಸರಿಯಾಗೈತೆ ಅಂದೆ."

"ಬಾಯಿ ತೆಗೀರಿ."

"ಇಲ್ಲೇನಾ?"

"ತೆಗೀರಿ ಅಂದೆ."

ಹೀಗೆ ಕೆರೆಯಂಗಳದ ನಡುಮಧ್ಯದಲ್ಲಿ, ಹಾಡಹಗಲಲ್ಲಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ನನ್ನ ಹಲ್ಲಿನ ಪರೀಕ್ಷೆಯಾಯಿತು. ಪಟ ಹಾರಿಹೋಗದ ಹಾಗೆ ಅಣ್ಣ ಅದರ ಮೇಲೆ ಕೂತಿದ್ದ. ಏರಿಯ ಮೇಲೆ ಹೋಗುತ್ತಿದ್ದ ಟ್ರಾಕ್ಟರೊಂದು ನಿಂತು, ನೋಡಿ, ಮುಂದೆ ಹೋಯಿತು.

"ಒಬ್ರಿಗೊಬ್ರು ಪಾಪ ಪಾಪ ಅಂದ್ಕೊಂಡು ಅವಳ ಹಲ್ಲೂ ಕೆಡ್ತು, ನಿಮ್ಮ ಪಟಾನೂ ಕೆಡ್ತು" ಎಂದ ಅಣ್ಣ. "ಮಧ್ಯದಾಗೆ ನಮ್ ಗಾಳಿಗೆ ಸುಮ್ ಸುಮ್ನೆ ಕೆಟ್ಟೆಸ್ರು."

ಮಾರನೆಯ ದಿನ ಡಾಕ್ಟರು ಬೇರೆ ರೋಗಿಗಳಿಗಿಂತ ಮೊದಲು ನನ್ನನ್ನು ಕರೆದು ಕೂರಿಸಿ ಕ್ಯಾಪ್ ಉಜ್ಜಿದರು. ಕಚ್ಚಿ ನೋಡಿ ಅಂದರು. ನಾನು ಈ ಸಲ ನಿಜ ಹೇಳಿದೆ: "ಇನ್ನೂ ಒಸಿ ಐತೆ." ಮತ್ತೆ ಉಜ್ಜಿದರು. "ಇನ್ನೊಂಚೂರು." ಐದನೇ ಸಲಕ್ಕೆ ಅವರ ಹುಬ್ಬು ಗಂಟಿಕ್ಕಿತು. ಅಷ್ಟು ನಿಜ ಸಾಕೆಂದು ಎದ್ದು ಬಂದೆ. ಅವತ್ತೇ ಸಂಜೆ ಅವರು ಕೆಳಗಿಳಿದು ಬಂದು ನನ್ನ ಟೇಬಲ್ಲಿನ ಪಕ್ಕ ಕೈಕಟ್ಟಿ ನಿಂತರು. ಪಟವನ್ನು ತುಂಬಿಡುವ ಹಳೆಯ ಚೀಲದ ಬಟ್ಟೆಯೂ ಅದೇ ಜಾತಿಯದೆಂದು ನಮಗೆ ಆಗಷ್ಟೇ ಹೊಳೆದಿತ್ತು. ಅದರಿಂದ ಹೊಸ ತೇಪೆ ತೆಗೆಯಬೇಕಿತ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೂಲು ನೋಡಿದೆ.

"ನೇರ ತಾನೇ?" ಅಂದರು.

"ನೇರ."

ಗುರುತು ಹಾಕಿದೆ. "ನೇರಾನೇ ತಾನೇ?"

"ಡಾಕ್ಟ್ರೇ, ನೀವು ಮೇಲೆ ಹೋಗಿ."

ಮುಂದಿನ ಭಾನುವಾರ ಅದೇ ಗಾಳಿಯಲ್ಲಿ ಕಿತ್ತಳೆ ಪಟ ನೆಟ್ಟಗೆ ನಿಂತಿತು. ಕೋಲಿನಿಂದ ಒಂದು ಕೈ ತೆಗೆದರೂ ವಾಲಲಿಲ್ಲ. ಡಾಕ್ಟರು ಫೋನಿಗೆ ತೀರ್ಪು ಹೇಳಿದರು: ಹೊಡೆತದ ಗಾಳಿಗೆ ಮೊದಲು ಕಿತ್ತಳೆ, ಆಮೇಲೆ ನೀಲಿ, ಹಸಿರು ಬೇಡವೇ ಬೇಡ. ಇಷ್ಟು ಹೇಳಿ, ಕಾರಿಗೆ ಸಾಮಾನು ತುಂಬುವಾಗ, ಸಮುದ್ರಕ್ಕೆ ನೀಲಿಯನ್ನೇ ಒಯ್ಯುತ್ತೇನೆ ಅಂದರು.

ನಾನು ಅವರ ಫೋನ್ ಇಸಿದುಕೊಂಡು ಅವರ ದನಿಯನ್ನೇ ಅವರಿಗೆ ಕೇಳಿಸಿದೆ.

"ಗೊತ್ತು ರೀ. ಆದ್ರೆ ಕಿತ್ತಳೆ ಹೇಳಿದ್ದೆಲ್ಲ ಕೇಳುತ್ತೆ. ನೀಲಿ ಜೊತೆ ಜಗಳ ಆಡಬಹುದು."

"ಜಗಳ ಬೇಕಾದ್ರೆ ಕೆಳಗೆ ನನ್ನ ಅಂಗಡಿ ಐತೆ" ಅಂದೆ. ರಾಮನಗರ ತಲುಪಿದೊಡನೆ ನೀಲಿ ಪಟವನ್ನು ಕಾರಿನಿಂದ ಇಳಿಸಿಕೊಂಡು ನನ್ನ ಬೀರುವಿನ ಮೇಲಿಟ್ಟೆ. ಅವರು ಕಿತ್ತಳೆಯನ್ನೇ ಹೊತ್ತು ರೈಲು ಹತ್ತಿದರು. ಅಲ್ಲಿಂದ ಒಂದು ವಾಯ್ಸ್ ಮೆಸೇಜ್ ಬಂತು. ಪೂರ್ತಿ ಗಾಳಿಯ ಭೋರ್ಗರೆತ. ಕೊನೆಯಲ್ಲಿ ಅವರ ದನಿ: "ಬಿದ್ದಿಲ್ಲ. ಇಲ್ಲಿ ಇವತ್ತು ಬೀಳದೆ ಇರೋದು ನಾನೊಬ್ಬಳೇ." ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಈ ವರ್ಷ ಆಷಾಢ ಹುಟ್ಟಿದಾಗಿನಿಂದ ಭಾನುವಾರ ಬಂದರೆ ನಾವಿಬ್ಬರೂ ಕೆರೆಯಂಗಳದಲ್ಲಿರುತ್ತೇವೆ. ನನಗೆ ಈಗ ಕಿತ್ತಳೆಯನ್ನು ಒಬ್ಬಳೇ ಹಿಡಿದು ನಿಲ್ಲಲು ಬರುತ್ತದೆ. ಅಣ್ಣ ಮಾತ್ರ ನೀಲಿಯೇ ಬೇಕೆಂದು ಹಟ ಹಿಡಿದು, ಎರಡು ಪ್ಯಾಂಟು ಹರಿದುಕೊಂಡಿದ್ದಾನೆ.

ಹೋದ ವಾರ ಗಾಳಿ ಅಪರೂಪಕ್ಕೆ ಒಂದೇ ಸಮನಾಗಿ, ಮೆತ್ತಗೆ ಬೀಸುತ್ತಿತ್ತು. ಡಾಕ್ಟರು ಹಸಿರು ಪಟ ಬಿಟ್ಟಿದ್ದರು. ರೊಟ್ಟಿ ಬುತ್ತಿ ಹಿಡಿದು ಅತ್ತಿಗೆಯೇ ಬಂದರು. ಅಣ್ಣ ಇಲ್ಲಿರುವಾಗ ಹುಳಕ್ಕೆ ಸೊಪ್ಪು ಹಾಕುವವರು ಅವರೇ ಆದ್ದರಿಂದ, ಯಾವತ್ತೂ ಬುತ್ತಿ ಕಳಿಸುತ್ತಿದ್ದರೇ ಹೊರತು ಬಂದವರಲ್ಲ. ಬಹಳ ಹೊತ್ತು ನೋಡಿದರು. ಆಮೇಲೆ, "ಒಂದ್ ಸಲ ನಾನೂ ಹಿಡೀಲಾ?" ಅಂದರು.

ಡಾಕ್ಟರು ಪಟ್ಟಿ ಕಟ್ಟಿ ಕೋಲು ಕೊಟ್ಟರು. ನಾನೂ ಅಣ್ಣನೂ ಒಟ್ಟೊಟ್ಟಿಗೆ, ಹಂಗಲ್ಲ ಹಿಂಗೆ, ಎಳೀಬೇಡ ಬಿಡು ಎಂದು ಬುದ್ಧಿ ಹೇಳಿದೆವು. ಅತ್ತಿಗೆ ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಪಟ ಅವರ ತಲೆಯ ಮೇಲೆ, ಮಡಚದೆ, ಒದೆಯದೆ, ಅತ್ತ ಇತ್ತ ತೂಗುತ್ತಿತ್ತು. ಅವರ ಸೆರಗನ್ನು ಡಾಕ್ಟರು ಸೊಂಟಪಟ್ಟಿಯೊಳಗೆ ಸಿಕ್ಕಿಸಿದರು.

ಅರ್ಧ ಗಂಟೆಯಾದ ಮೇಲೆ ಅಣ್ಣ ಫೋನಿನಲ್ಲಿ ಹೊತ್ತು ನೋಡಿ, ಅತ್ತಿಗೆಗೆ, "ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು ಕಣಮ್ಮಿ" ಅಂದ.

"ಇವತ್ತು ನೀವೇ ಹೋಗಿ ಹಾಕ್ಬುಟ್ ಬನ್ನಿ" ಅಂದರು ಅತ್ತಿಗೆ, ಪಟದ ಮೇಲಿಂದ ಕಣ್ಣು ತೆಗೆಯದೆ.

ಅಣ್ಣ ನನ್ನ ಮುಖ ನೋಡಿದ, ಡಾಕ್ಟರ ಮುಖ ನೋಡಿದ. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಏರಿ ಹತ್ತಿ ಮನೆಯ ಕಡೆ ಹೊರಟ.